ಹನ್ನೆರಡನೆಯ ಮನೆಯ ನೆಲ

ಹೊರಡುವ ಮೊದಲು: ಕಾಚಿಗೂಡ

ಹೈದರಾಬಾದಿನಲ್ಲಿ ಬೆಳೆದವನಿಗೆ ದೇವರ ಮೇಲೆ ಸಂಶಯ ಬರಬಹುದು, ಸರಕಾರದ ಮೇಲೆ ಬರಲೇಬೇಕು, ನೆಲದ ಮೇಲೆ ಮಾತ್ರ ಬರುವುದಿಲ್ಲ. ದಿಲ್‌ಸುಖ್‌ನಗರದ ನಮ್ಮ ಅಪಾರ್ಟ್‌ಮೆಂಟಿಗೆ ನೀರಿನ ಸಂಪು ತೋಡಿದಾಗ ಎರಡಡಿಗೇ ಬಂಡೆ ಹತ್ತಿತು. ಒಡೆಯಲು ಬಂದವರು ಹನ್ನೊಂದು ದಿನ ಕಂಪ್ರೆಸರ್ ಹಚ್ಚಿ ಓಣಿಯ ನಿದ್ದೆಗೆಡಿಸಿ, ಕೊನೆಗೆ ‘ಸಂಪನ್ನೇ ಸ್ವಲ್ಪ ಸಣ್ಣದು ಮಾಡಿಕೊಳ್ಳಿ ಸಾರ್’ ಎಂದು ಕೈಮುಗಿದು ಹೋದರು. ಇಂಥ ಊರಿನವನಾದ ನಾನು, ನೆಲ ನೀರಾಗುತ್ತದೆಯೇ ಎಂದು ವಿಚಾರಿಸಲು ಸಮುದ್ರ ದಾಟಬೇಕಾಯಿತು.

ನನ್ನನ್ನು ಕಳಿಸಿದ್ದು ಕಾಚಿಗೂಡದಲ್ಲಿರುವ ನಮ್ಮ ಗೌರಕ್ಕ. ಅವಳ ಮಗಳು ಸುಧಾ ಜಪಾನಿನಲ್ಲಿ, ಟೋಕಿಯೊ ಕೊಲ್ಲಿಯ ದಂಡೆಯ ಒಂದು ಊರಿನಲ್ಲಿ, ಭಾರತೀಯ ಮಕ್ಕಳಿಗೆ ಗಣಿತ ಕಲಿಸುತ್ತಾಳೆ. ಎಂಟು ವರ್ಷ ಬಾಡಿಗೆ ಮನೆಯಲ್ಲಿದ್ದು ಬೇಸತ್ತು, ಅಲ್ಲೇ ಒಂದು ಹಳೆಯ ಮನೆ ಕೊಳ್ಳಲು ಗಂಡ ಹೆಂಡತಿ ಮನಸ್ಸು ಮಾಡಿದ್ದರು. ಮಾರುವವರು ಮುಂದಿನ ಭಾನುವಾರದೊಳಗೆ ಉತ್ತರ ಕೇಳಿದ್ದರು.

“ಏ ಬಸ್ಯಾ, ಆ ಊರಾಗ ಭೂಕಂಪ ಆದ್ರ ನೆಲ ಅಂಬಲಿ ಆಗ್ತೈತಂತ,” ಎಂದಳು ಅಕ್ಕ. “ನೀ ಹೋಗಿ ನೋಡಿ ಬಾ. ನೀ ಹ್ಞೂಂ ಅಂದ್ರ ತಗೋತಾಳಂತ, ಬ್ಯಾಡ ಅಂದ್ರ ಬಿಡ್ತಾಳಂತ. ನನಗ ಮಾತು ಕೊಟ್ಟಾಳ.”

“ಅಕ್ಕಾ, ಅಲ್ಲಿ ದೊಡ್ಡ ದೊಡ್ಡ ಇಂಜಿನಿಯರ್ ಅದಾರ.”

“ಅವರೇನು ನಮ್ಮವರೇನು? ನೀ ಮೂವತ್ತು ವರ್ಷ ಒಬ್ಬರ ಕಾಗದಕ್ಕೂ ನೆಟ್ಟಗ ಸಹಿ ಹಾಕಿದವ ಅಲ್ಲ. ಅದಕ್ಕ ನಿನ್ನ ಕಳಸಾಕತ್ತೀನಿ.”

ಇದು ಹೊಗಳಿಕೆಯೆಂದೇ ನಾನು ತೆಗೆದುಕೊಂಡೆ. ಸರಕಾರಿ ಕಟ್ಟಡಗಳ ಗುಣಮಟ್ಟ ತಪಾಸಣೆ ನನ್ನ ಉದ್ಯೋಗವಾಗಿತ್ತು. ಅಂದರೆ ಸಂಶಯಪಡುವುದು. ಅದಕ್ಕೆ ಸರಕಾರ ಆಗ ಸಂಬಳ ಕೊಡುತ್ತಿತ್ತು, ಈಗ ಪಿಂಚಣಿ ಕೊಡುತ್ತದೆ. ಉಪ್ಪಿನ ಋಣ, ಹಾಗಾಗಿ ಕೆಲಸ ನಿಲ್ಲಿಸಿಲ್ಲ.

ಅಕ್ಕ ಇನ್ನೊಂದು ಆಜ್ಞೆಯನ್ನೂ ಕೊಟ್ಟಳು. ನಮ್ಮಲ್ಲಿ ಜಾಗ ಕೊಳ್ಳುವ ಮೊದಲು ಹಿರಿಯರು ಒಂದು ಮೊಳ ಉದ್ದ, ಒಂದು ಮೊಳ ಅಗಲ, ಒಂದು ಮೊಳ ಆಳದ ಕುಣಿ ತೋಡಿ, ತೆಗೆದ ಮಣ್ಣನ್ನೇ ಅದಕ್ಕೆ ಮರಳಿ ತುಂಬುತ್ತಾರೆ. ಮಣ್ಣು ಮಿಕ್ಕರೆ ಜಾಗ ಉತ್ತಮ. ಸರಿಹೋದರೆ ನಡೆಯುತ್ತದೆ. ಕಡಿಮೆ ಬಿದ್ದರೆ ಹಿಂದೆ ನೋಡದೆ ಎದ್ದು ಬರಬೇಕು. ಸೇವೆಯಲ್ಲಿದ್ದಾಗ ನಾನು ಇದನ್ನು ಕಂಡು ಬಹಿರಂಗವಾಗಿ ನಗುತ್ತಿದ್ದೆ. ಮಣ್ಣು ಬಿಗಿಯಾಗಿದೆಯೋ ಸಡಿಲವಾಗಿದೆಯೋ ನೋಡಲು ಇದಕ್ಕಿಂತ ಅಗ್ಗದ ಪರೀಕ್ಷೆ ನಮ್ಮ ಲ್ಯಾಬಿನಲ್ಲೂ ಇರಲಿಲ್ಲ ಎಂಬುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಶಂಷಾಬಾದ್ ವಿಮಾನ ನಿಲ್ದಾಣ

ಗೋಡೆ ನೆಟ್ಟಗಿದೆಯೇ ನೋಡಲು ದಾರಕ್ಕೆ ಕಟ್ಟಿ ಇಳಿಬಿಡುವ ಹಿತ್ತಾಳೆಯ ತೂಗುಗುಂಡು ನನ್ನ ಬಳಿ ಒಂದಿದೆ, ಅಲ್ಲ, ಇತ್ತು. ಎಷ್ಟೋ ಗುತ್ತಿಗೆದಾರರು ಅದನ್ನು ಕಂಡರೆ ಬೆವರುತ್ತಿದ್ದರು. ಕೈಚೀಲದಲ್ಲಿಟ್ಟಿದ್ದೆ. ತಪಾಸಣೆಯ ಹುದ್ದೇದಾರ ಅದನ್ನು ಎತ್ತಿ ಬೆಳಕಿಗೆ ಹಿಡಿದ.

“ಯೇ ಕ್ಯಾ ಹೈ ಚಾಚಾ?”

“ದೀವಾರ್ ಸೀಧಾ ಹೈ ಯಾ ನಹೀಂ, ದೇಖ್‌ನೇ ಕಾ.”

“ಹವಾಯಿ ಜಹಾಜ್ ಮೇ ಕೌನ್ಸಾ ದೀವಾರ್ ಬನಾರೆ ಆಪ್?” ವಿಮಾನದಲ್ಲಿ ಯಾವ ಗೋಡೆ ಕಟ್ಟುತ್ತೀರಿ ಎಂದು ಕೇಳಿ, ಉತ್ತರಕ್ಕೆ ಕಾಯದೆ ಅದರ ಚೂಪು ತುದಿಯನ್ನು ಬೆರಳಿಂದ ಮುಟ್ಟಿ, ಕತ್ತರಿ ಚಾಕುಗಳ ಡಬ್ಬಿಗೆ ಹಾಕಿಬಿಟ್ಟ. ಅವನ ಮುಖದಲ್ಲಿದ್ದ ಅಪನಂಬಿಕೆ ಅಚ್ಚುಕಟ್ಟಾಗಿತ್ತು. ತರಬೇತಿ ಚೆನ್ನಾಗಿ ಆಗಿದೆ ಎಂದುಕೊಂಡೆ. ಜೀವಮಾನವೆಲ್ಲ ಆ ಮೇಜಿನ ಆಚೆ ಕೂತಿದ್ದವನು ಮೊದಲ ಸಲ ಈಚೆ ನಿಂತಿದ್ದೆ. ಹಿತವಾಗಲಿಲ್ಲ.

ಮೊದಲ ದಿನ: ಸಮುದ್ರವಾಗಿದ್ದ ಊರು

ಆ ಊರು ಸಪಾಟಾಗಿತ್ತು. ನಮ್ಮಲ್ಲಿ ಸಪಾಟು ಜಾಗ ಕಂಡರೆ ಯಾರೋ ಕೆರೆ ನುಂಗಿದ್ದಾರೆ ಎಂದು ತಿಳಿಯಬೇಕು. ಇಲ್ಲಿ ಜನ ಅದನ್ನು ಮುಚ್ಚಿಡುವುದೇ ಇಲ್ಲ. “ಇದೆಲ್ಲ ಮೊದಲ ಸಮುದ್ರ ಇತ್ತು ಮಾಮಾ,” ಎಂದಳು ಸುಧಾ, ಬಸ್‌ಸ್ಟಾಪು, ಶಾಲೆ, ತರಕಾರಿ ಅಂಗಡಿ ಎಲ್ಲವನ್ನೂ ಸೇರಿಸಿ ಕೈ ಬೀಸುತ್ತ. “ತಳದ ಉಸುಕು ಹೀರಿ ಇಲ್ಲಿ ಸುರುವಿ ಊರು ಮಾಡ್ಯಾರ.” ನಮ್ಮ ಎರ್ರಗಡ್ಡದ ರೈತಬಜಾರು ಎಲ್ಲಿದೆ ಎಂದು ಹೇಳುವಷ್ಟೇ ಸಹಜವಾಗಿ ಹೇಳಿದಳು.

ಅವಳ ಗಂಡ ಗಿರೀಶ ಆ ವಾರ ಕಂಪನಿ ಕೆಲಸದ ಮೇಲೆ ಒಸಾಕಾಗೆ ಹೋಗಿದ್ದ. “ಮಾಮಾ ಏನಂತಾರೋ ಅದ” ಎಂದು ಫೋನಿನಲ್ಲಿ ಹೇಳಿ ಮನೆಯ ಯಜಮಾನನ ಜವಾಬ್ದಾರಿ ಮುಗಿಸಿದ.

ಮನೆ ತೋರಿಸಿದ್ದು ಮೋರಿತಾ ಎಂಬ ದಲ್ಲಾಳಿ. ನಲವತ್ತರ ಮನುಷ್ಯ, ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ನನ್ನ ಚಪ್ಪಲಿಯನ್ನೂ ತಿರುಗಿಸಿ ಜೋಡಿಸಿಟ್ಟ. ಮನೆಯಲ್ಲಿ ಕೂಡಿಸಿ, ಮೊದಲು ತೆಗೆದಿದ್ದು ಮನೆಯ ನಕ್ಷೆಯನ್ನಲ್ಲ, ನೆಲದ ನಕ್ಷೆಯನ್ನು. ಹಳದಿ, ಕಿತ್ತಳೆ, ಕೆಂಪು ಬಣ್ಣ. ಈ ಮನೆಯ ಓಣಿ ಕೆಂಪಿನಲ್ಲಿತ್ತು.

ಸುಧಾ ಅನುವಾದಿಸಿದಳು: “ಹಿಂದ ಒಮ್ಮೆ ದೊಡ್ಡ ಭೂಕಂಪ ಆದಾಗ ಈ ಓಣಿಯೊಳಗ ನೆಲ ಸಡಿಲಾಗಿ ಉಸುಕು-ನೀರು ಮ್ಯಾಲೆ ಬಂದಿತ್ತಂತ. ಈ ಮನಿ ಒಂದು ಕಡೆ ವಾಲಿತ್ತಂತ. ಆಮ್ಯಾಲೆ ಜಾಕ್ ಹಚ್ಚಿ ಎತ್ತಿ ಸೀದಾ ಮಾಡ್ಯಾರಂತ. ನೆಲ ಮಾತ್ರ ಹಂಗ ಐತಿ ಅಂತಾರ. ಇನ್ನೊಮ್ಮೆ ಆದ್ರ ಇನ್ನೊಮ್ಮೆ ವಾಲಬಹುದಂತ.”

ಮೋರಿತಾ ತಲೆ ಬಾಗಿಸಿದ. ನಾನು ಅವನನ್ನು ಬಹಳ ಹೊತ್ತು ನೋಡಿದೆ. ಮೂವತ್ತು ವರ್ಷದಲ್ಲಿ ತನ್ನ ಮಾಲಿನ ದೋಷವನ್ನು ತಾನೇ ಮೊದಲು ಹೇಳಿದ ಮನುಷ್ಯನನ್ನು ನಾನು ಕಂಡಿರಲಿಲ್ಲ. ಇದನ್ನು ಹೇಳುತ್ತಿದ್ದಾನೆಂದರೆ ಇದಕ್ಕಿಂತ ದೊಡ್ಡದೇನನ್ನೋ ಮುಚ್ಚಿದ್ದಾನೆ. ನಮ್ಮ ಕೋಠಿ ಬಜಾರಿನಲ್ಲಿ ಬಟ್ಟೆಯಂಗಡಿಯವ ‘ಇಲ್ಲೊಂದು ದಾರ ಎದ್ದಿದೆ ಸಾರ್’ ಎಂದು ತಾನಾಗಿ ತೋರಿಸಿದರೆ ತಿಳಿದವರು ಆ ಥಾನಿನ ಇನ್ನೊಂದು ತುದಿ ಬಿಚ್ಚಿಸುತ್ತಾರೆ.

ತೂಗುಗುಂಡು ಇಲ್ಲದ್ದರಿಂದ, ಎಲೆ-ಅಡಿಕೆ ಕುಟ್ಟುವ ನನ್ನ ಕುಟ್ಟಾಣಿಯ ಹಿತ್ತಾಳೆ ಕೋಲಿಗೆ ದಾರ ಕಟ್ಟಿ ಬಾಗಿಲ ಚೌಕಟ್ಟಿನಿಂದ ಇಳಿಬಿಟ್ಟೆ. ಅದು ಸ್ವಲ್ಪ ಓಲಾಡಿ ನಿಂತಿತು. ಚೌಕಟ್ಟು ಕೂದಲೆಳೆಯಷ್ಟೂ ವಾಲಿರಲಿಲ್ಲ. ಹಳೆಯ ಮನೆಯೊಂದು ಇಷ್ಟು ನೆಟ್ಟಗಿರುವುದು ಆರೋಗ್ಯಕರ ಲಕ್ಷಣವಲ್ಲ ಎಂದು ನನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಎರಡನೆಯ ದಿನ: ಕುಣಿ

ಮೋರಿತಾ ಕೊಟ್ಟುಹೋದ ಕೀಲಿಕೈ ಸುಧಾಳ ಮನೆಯಲ್ಲೇ ಇತ್ತು. ಬೆಳಿಗ್ಗೆ ಅವಳು ಶಾಲೆಗೆ ಹೋದ ಮೇಲೆ ನಾನು ಆ ಮನೆಯ ಹಿತ್ತಲಿಗೆ ಹೋದೆ. ಹಿತ್ತಲೆಂದರೆ ನಮ್ಮ ಎರಡು ಮಂಚ ಹಾಸುವಷ್ಟು ಜಾಗ, ಅದರಲ್ಲೊಂದು ಹಣ್ಣಿನ ಗಿಡ. ಸುಧಾಳ ಅಡುಗೆಮನೆಯ ದೊಡ್ಡ ಸೌಟು ಒಯ್ದಿದ್ದೆ.

ದಿಲ್‌ಸುಖ್‌ನಗರದಲ್ಲಿ ಹನ್ನೊಂದು ದಿನದಲ್ಲಿ ಆಗದ್ದು ಇಲ್ಲಿ ಇಪ್ಪತ್ತು ನಿಮಿಷದಲ್ಲಿ, ಸೌಟಿನಿಂದ, ಆಯಿತು. ನನಗೆ ಅವಮಾನವಾದಂತಾಯಿತು. ಮೇಲಿನ ಒಂದು ಗೇಣು ತೋಟದ ಮಣ್ಣು. ಅದರ ಕೆಳಗೆ ಬೂದು ಬಣ್ಣದ ಸಣ್ಣ ಉಸುಕು, ತಂಪಾಗಿತ್ತು, ಅದರಲ್ಲಿ ಚಿಕ್ಕ ಚಿಕ್ಕ ಕಪ್ಪೆಚಿಪ್ಪು. ಸಮುದ್ರ ತನ್ನ ಸಾಮಾನು ಇನ್ನೂ ಖಾಲಿ ಮಾಡಿರಲಿಲ್ಲ.

ಒಂದು ಮೊಳ ಆದ ಮೇಲೆ ಎಲ್ಲವನ್ನೂ ಮರಳಿ ತುಂಬಿ ಕೈಯಿಂದ ತಟ್ಟಿದೆ. ಎರಡು ಬೊಗಸೆ ಕಡಿಮೆ ಬಿತ್ತು.

ಅಷ್ಟರಲ್ಲಿ ಕಾಂಪೌಂಡಿನ ಆಚೆ ಒಂದು ಬಿಳಿ ತಲೆ ಕಾಣಿಸಿತು. ಎಪ್ಪತ್ತು ದಾಟಿದ ಮುದುಕ. ಲುಂಗಿಯುಟ್ಟು, ಮಂಕಿಕ್ಯಾಪು ಹಾಕಿ, ಸೌಟು ಹಿಡಿದು ಮೊಣಕಾಲ ಮೇಲೆ ಕೂತ ಪರದೇಶಿಯನ್ನು ಅವನು ನೋಡಿದ. ನಾನು ಅವನನ್ನು ನೋಡಿದೆ. ನಮ್ಮ ಕಾಲೊನಿಯಾಗಿದ್ದರೆ ಇಷ್ಟೊತ್ತಿಗೆ ನಾಲ್ಕು ಮಂದಿ ಕೂಡಿ ‘ಎವರು ಮೀರು?’, ಯಾರು ನೀವು, ಎಂದು ಕೊರಳಪಟ್ಟಿ ಹಿಡಿದಿರುತ್ತಿದ್ದರು. ಈತ ಒಳಗೆ ಹೋದ, ಒಂದು ಸಣ್ಣ ಗುದ್ದಲಿ ಮತ್ತು ಒಂದು ಬಕೆಟ್ ಉಸುಕು ತಂದ, ಗೋಡೆಯ ಮೇಲಿಂದ ಎರಡೂ ಕೈಯಿಂದ ಕೊಟ್ಟ, ತಲೆಬಾಗಿ ಹೊರಟುಹೋದ.

ಕುಣಿಗೆ ಮಣ್ಣು ಕಡಿಮೆ ಬೀಳುತ್ತದೆಂದು ಇವನಿಗೆ ಮೊದಲೇ ಹೇಗೆ ಗೊತ್ತಿತ್ತು? ಇದನ್ನೂ ಬರೆದುಕೊಂಡೆ.

ಸಂಜೆ ಸುಧಾಗೆ ವಿಷಯ ತಿಳಿದಾಗ ಅವಳು ಹಣೆ ಹಿಡಿದುಕೊಂಡಳು. “ಮಾಮಾ, ಇನ್ನಾ ನಮ್ಮ ಮನಿ ಆಗಿಲ್ಲದು. ಯಾರದೋ ಹಿತ್ತಲದಾಗ ಕುಣಿ ತೋಡಿ ಬಂದೀರಲ್ಲ.”

“ಆದ ಮ್ಯಾಲೆ ತೋಡಿದ್ರ ಏನ್ ಉಪಯೋಗ?”

ಅವಳು ಮೋರಿತಾಗೆ ಫೋನು ಮಾಡಿ ಬಹಳ ಹೊತ್ತು ಕ್ಷಮೆ ಕೇಳಿದಳು. ಅವನು ಅದಕ್ಕಿಂತ ಹೆಚ್ಚು ಹೊತ್ತು ಕ್ಷಮೆ ಕೇಳಿದ. ಅಗೆಯಲು ಸರಿಯಾದ ಸಲಕರಣೆ ಇಟ್ಟಿರದಿದ್ದುದು ತನ್ನ ತಪ್ಪಂತೆ.

ಮೂರನೆಯ ದಿನ: ಹನ್ನೊಂದು ಉಡುಗೊರೆ

ಮರುದಿನ ಶಾಲೆಗೆ ರಜೆ ಹಾಕಿದ ಸುಧಾಳ ಜೊತೆ ಆ ಮನೆಗೆ ಹೋದಾಗ ಹೊಸ್ತಿಲ ಮೇಲೆ ಒಂದು ಬುಟ್ಟಿ ಕಿತ್ತಳೆ ಇತ್ತು. ಐದು ನಿಮಿಷಕ್ಕೆ ಒಬ್ಬ ಹೆಣ್ಣುಮಗಳು ಕೈವಸ್ತ್ರ ತಂದಳು. ಆಮೇಲೆ ಒಂದು ಡಬ್ಬಿ ಬಿಸ್ಕತ್ತು. ಆಮೇಲೆ ಒಣಗಿಸಿದ ಕಡಲಪಾಚಿ, ಅದನ್ನು ತಂದವ ಇದು ಶುದ್ಧ ಸಸ್ಯಾಹಾರ ಎಂದು ಸುಧಾಗೆ ಮೂರು ಸಲ ಹೇಳಿದ. ಮಧ್ಯಾಹ್ನದೊಳಗೆ ಓಣಿಯ ಹನ್ನೊಂದು ಮನೆಯಿಂದ ಹನ್ನೊಂದು ಉಡುಗೊರೆ ಬಂದವು.

“ಎಷ್ಟು ಛಲೋ ಮಂದಿ ನೋಡ್ರಿ ಮಾಮಾ,” ಎಂದಳು ಸುಧಾ.

“ಹೌದು,” ಎಂದೆ. “ನಮ್ಮಲ್ಲಿ ಬೋರ್‌ವೆಲ್ ಬತ್ತಿದ ಮನಿ ಮಾರೂಮುಂದ ಆಜುಬಾಜು ಮಂದಿ ಹಿಂಗ ಛಲೋ ಆಗತಾರ.”

“ನೀವು ಎಲ್ಲಾದರಾಗೂ ಅದನ್ನ ನೋಡ್ತೀರಿ.”

“ನಿಮ್ಮವ್ವ ಅದಕ್ಕ ಟಿಕೆಟ್ ತಗಸ್ಯಾಳ.”

ಇನ್ನೂ ಮನೆ ಕೊಳ್ಳದವರಿಗೆ ಉಡುಗೊರೆ ಕೊಡುವುದು ಆ ದೇಶದ ಪದ್ಧತಿಯೇ ಎಂದು ಕೇಳಿದೆ. ಸುಧಾ ಯೋಚಿಸಿದಳು. ಅಲ್ಲ, ಹೊಸದಾಗಿ ಬಂದವರೇ ಆಜುಬಾಜಿನವರಿಗೆ ಕೊಡಬೇಕಂತೆ, ಇಲ್ಲಿ ಉಲ್ಟಾ ಆಗಿದೆ. ಹೇಳುತ್ತ ಹೇಳುತ್ತ ಅವಳ ಮುಖವೂ ಸಣ್ಣಗಾಯಿತು. ನನ್ನ ರೋಗ ಅಂಟಿತು.

ಓಣಿಯಲ್ಲಿ ನಡೆದಾಡಿದೆವು. ಚರಂಡಿಯ ಒಂದು ಗುಂಡನೆಯ ಕಬ್ಬಿಣದ ಮುಚ್ಚಳ ರಸ್ತೆಗಿಂತ ನಾಲ್ಕು ಬೆರಳು ಮೇಲೆದ್ದು ನಿಂತಿತ್ತು. ಆ ಭೂಕಂಪದಲ್ಲಿ ಮನೆಗಳು ಕೆಳಗಿಳಿದವು, ಒಳಗೆ ಪೊಳ್ಳಿದ್ದ ಚರಂಡಿಯ ಕೊಳವೆಗಳು ಮೇಲೆ ತೇಲಿಬಂದವು, ರಿಪೇರಿಯಾದ ಮೇಲೂ ಇದೊಂದು ಹೀಗೇ ಉಳಿಯಿತು ಎಂದು ಓಣಿಯವರು ವಿವರಿಸಿದರು. ಪಕ್ಕದ ಓಣಿಯ ಮುಚ್ಚಳಗಳು ಮಾತ್ರ ಸರಿಯಾಗಿ ಕೂತಿದ್ದವು. ಅಲ್ಲಿನ ಮನೆಗಳ ನಡುವಿನ ಸಂದಿಗಳಲ್ಲಿ ಸಿಮೆಂಟಿನ ಸಣ್ಣ ಪಟ್ಟಿಗಳು ಕಾಣುತ್ತಿದ್ದವು, ನಮ್ಮ ಓಣಿಯಲ್ಲಿ ಅವು ಇರಲಿಲ್ಲ.

“ಅಲ್ಲಿ ಐತಿ, ಇಲ್ಲಿ ಯಾಕಿಲ್ಲ?” ಎಂದು ಸುಧಾಳಿಂದ ಕೇಳಿಸಿದೆ.

ಕಡಲಪಾಚಿಯವ ನಕ್ಕು, ತನಗೆ ಕೆಲಸವಿದೆ ಎಂದು ಹೋದ. ಉಳಿದವರಿಗೂ ಒಮ್ಮೆಲೇ ಕೆಲಸ ನೆನಪಾಯಿತು.

ನಾಲ್ಕನೆಯ ದಿನ: ಹಿರಾನೊ ಅವರ ಶೆಡ್ಡು

ಗುದ್ದಲಿ ಕೊಟ್ಟ ಮುದುಕನ ಹೆಸರು ಹಿರಾನೊ. ಗುದ್ದಲಿ ಮರಳಿಸುವ ನೆಪದಲ್ಲಿ ನಾನೂ ಸುಧಾಳೂ ಅವನ ಮನೆಗೆ ಹೋದೆವು. ಪಕ್ಕದ ಓಣಿಯ ಮಾತು ತೆಗೆದೆ. ಅವನು ನಗಲಿಲ್ಲ, ಕೆಲಸವನ್ನೂ ನೆನೆಸಿಕೊಳ್ಳಲಿಲ್ಲ. ನಮ್ಮನ್ನು ಶೆಡ್ಡಿಗೆ ಕರೆದೊಯ್ದ.

ಒಂದು ಪ್ಲಾಸ್ಟಿಕ್ ಟಬ್ಬಿನಲ್ಲಿ ಬೂದು ಉಸುಕು ತುಂಬಿ, ಅದು ತೊಯ್ಯುವಷ್ಟು ನೀರು ಹಾಕಿದ. ಒಂದು ಪಿಂಗ್‌ಪಾಂಗ್ ಚೆಂಡನ್ನು ಉಸುಕಿನೊಳಗೆ ಹುಗಿದ. ಮೇಲೆ ಒಂದು ಇಟ್ಟಿಗೆ ನಿಲ್ಲಿಸಿದ. ನಾನು ಬೆರಳಿಂದ ಒತ್ತಿ ನೋಡಿದೆ, ಗಟ್ಟಿಯಾಗಿತ್ತು. ಆತ ಟಬ್ಬಿನ ಬದಿಗೆ ಮರದ ಸುತ್ತಿಗೆಯಿಂದ ಟಪಟಪನೆ ಬಡಿದ.

ಮೂವತ್ತು ವರ್ಷ ಮಣ್ಣಿನ ಪರೀಕ್ಷೆ ಮಾಡಿಸಿದವ ನಾನು, ಆದರೂ ಟಬ್ಬಿನಿಂದ ಒಂದು ಹೆಜ್ಜೆ ಹಿಂದೆ ಸರಿದೆ. ಗಟ್ಟಿಯಿದ್ದ ಉಸುಕು ಕಣ್ಣೆದುರೇ ಹೊಳೆಯಿತು, ತೆಳ್ಳಗಾಯಿತು, ಇಟ್ಟಿಗೆ ಒಂದು ಬದಿಗೆ ವಾಲಿ ಮುಳುಗಿತು. ಚೆಂಡು ಬುಳುಕ್ಕನೆ ಮೇಲೆ ಬಂತು.

“ಉಸುಕಿನ ಕಾಳು ಒಂದಕ್ಕೊಂದು ಆನಿಕೊಂಡು ನಿಂತಿರ್ತಾವಂತ,” ಎಂದು ಸುಧಾ ಹೇಳಿದಳು. “ನಡುವ ನೀರಿರ್ತೈತಿ. ಕುಲುಕಿದ್ರ ಕಾಳು ಇನ್ನಾ ಒತ್ತಾಗಿ ಕೂಡಾಕ ನೋಡ್ತಾವ, ಆದ್ರ ನೀರಿಗೆ ಹೊರಗ ಹೋಗಾಕ ದಾರಿ ಸಿಗಂಗಿಲ್ಲ. ಭಾರ ಎಲ್ಲಾ ನೀರಿನ ಮ್ಯಾಲೆ ಬೀಳ್ತೈತಿ. ಕಾಳು ಕೈಬಿಡ್ತಾವ.”

ನಂತರ ಹಿರಾನೊ ಹೊಸದಾಗಿ ಉಸುಕು ತುಂಬಿದ. ಈ ಸಲ ಮಿಠಾಯಿ ಡಬ್ಬಿಯೊಳಗಿನ ಚೌಕಗಳಂತೆ, ಪ್ಲಾಸ್ಟಿಕ್ ಪಟ್ಟಿಗಳಿಂದ ಮಾಡಿದ ಒಂದು ಜಾಲರಿಯನ್ನು ಅದರೊಳಗೆ ಇಳಿಸಿದ. ಹನ್ನೆರಡು ಚೌಕ. ಪ್ರತಿ ಚೌಕದಲ್ಲಿ ಒಂದು ಸಣ್ಣ ಇಟ್ಟಿಗೆ ಚೂರು. ಬಡಿದ. ಚೌಕದ ಗೋಡೆಗಳ ನಡುವೆ ಉಸುಕಿಗೆ ಅತ್ತಿತ್ತ ಅಲುಗಲು ಜಾಗ ಸಿಗಲಿಲ್ಲ. ಇಟ್ಟಿಗೆಗಳು ನಿಂತೇ ಇದ್ದವು.

ಪಕ್ಕದ ಓಣಿಯಲ್ಲಿ ನಾವು ಕಂಡ ಪಟ್ಟಿಗಳು ಇವೇ. ಮನೆ ಕೆಡವದೆ, ಮನೆಮನೆಯ ನಡುವಿನ ಸಂದಿಯಲ್ಲಿ ಸಣ್ಣ ಯಂತ್ರ ಇಳಿಸಿ, ಆಳದವರೆಗೆ ಮಣ್ಣಿಗೆ ಸಿಮೆಂಟು ಕಲೆಸಿ, ನೆಲದೊಳಗೇ ಗೋಡೆ ಎಬ್ಬಿಸುತ್ತಾರೆ. ಆ ಯಂತ್ರವನ್ನು ನಡೆಸುವುದೇ ಹಿರಾನೊ ಅವರ ಉದ್ಯೋಗವಾಗಿತ್ತಂತೆ. ಊರೂರಿನ ನೆಲ ಗಟ್ಟಿ ಮಾಡಿ ಬಂದವರು.

“ಹಂಗಾರ ನಿಮ್ಮ ಓಣಿ?” ಎಂದೆ.

ಹಿರಾನೊ ಮೂಲೆಯ ಒಂದು ಚೌಕದ ಪಟ್ಟಿಗಳನ್ನು ಎಳೆದು ತೆಗೆದು ಮತ್ತೆ ಬಡಿದರು. ಆ ಚೌಕದ ಇಟ್ಟಿಗೆ ಮುಳುಗಿತು. ಅದರ ಎರಡೂ ಬದಿಯವು ವಾಲಿದವು.

ಗೋಡೆ ಇಬ್ಬರ ಗಡಿಯ ಮೇಲೆ ಹೋಗುವುದರಿಂದ ಎಲ್ಲರ ಒಪ್ಪಿಗೆ ಬೇಕು. ಹನ್ನೆರಡು ಮನೆಯಲ್ಲಿ ಒಂದು ಮನೆ ಒಪ್ಪದಿದ್ದರೆ ನಗರಸಭೆ ಓಣಿಯನ್ನೇ ಬಿಟ್ಟು ಮುಂದೆ ಹೋಗುತ್ತದೆ. ಹನ್ನೊಂದು ಮನೆ ಸಹಿ ಹಾಕಿದ್ದವು. ಹನ್ನೆರಡನೆಯದು ಹಾಕಲಿಲ್ಲ. ಆ ಹನ್ನೆರಡನೆಯ ಮನೆಯನ್ನೇ ನಮ್ಮ ಸುಧಾ ಕೊಳ್ಳಲು ಹೊರಟಿದ್ದಳು.

ಈಗ ನಗರಸಭೆ ಇನ್ನೊಮ್ಮೆ ಅರ್ಜಿ ಕರೆದಿತ್ತು. ಹನ್ನೊಂದು ಸಹಿ ಮತ್ತೆ ತಯಾರಿದ್ದವು. ಕಿತ್ತಳೆ, ಕೈವಸ್ತ್ರ, ಕಡಲಪಾಚಿ ಎಲ್ಲದರ ಅರ್ಥ ಒಮ್ಮೆಗೇ ತಿಳಿಯಿತು.

ನನಗೆ ಗೆದ್ದಷ್ಟು ಸಂತೋಷವಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ನನ್ನ ಸಂಶಯ ಸರಿಯಿತ್ತು. ಬೇಕಾದದ್ದು ಸಹಿ, ಅದಕ್ಕೇ ಬಿಸ್ಕತ್ತು. ನಾನು ನೋಟ್‌ಬುಕ್ಕು ತೆಗೆದು ಪ್ರಶ್ನೆ ಶುರು ಮಾಡಿದೆ. ಗೋಡೆ ಆಗಿದೆಯೆಂದು ನೋಡುವುದು ಹೇಗೆ? ಕೊರೆದು ತುಂಡು ತೆಗೆದು ತೋರಿಸುತ್ತಾರೆ. ಎಲ್ಲಿ ಕೊರೆಯುತ್ತಾರೆ? ನೀವು ಹೇಳಿದಲ್ಲಿ. ಹಿರಾನೊ ಒಂದೊಂದಕ್ಕೂ ಉತ್ತರ ಕೊಟ್ಟರು. ನಾನು ಕೊನೆಗೆ, ದೊಡ್ಡ ದೊಡ್ಡ ಗುತ್ತಿಗೆದಾರರ ಬಾಯಿ ಮುಚ್ಚಿಸಿದ ನನ್ನ ಹಳೆಯ ಪ್ರಶ್ನೆ ಹಾಕಿದೆ: “ಒಂದು ಕಡೆ ಕೊರೆದ್ರಿ, ಇನ್ನೊಂದು ಕಡೆ ಕೊರೆದ್ರಿ. ಎರಡರ ನಡುವ ಏನೈತಿ?”

ಸುಧಾ ಅನುವಾದಿಸಿದಳು. ಹಿರಾನೊ ಸುತ್ತಿಗೆ ಕೆಳಗಿಟ್ಟರು. ಆಮೇಲೆ ಎದ್ದು ಒಳಗಿನಿಂದ ಒಂದು ನೀಲಿ ಫೈಲು ತಂದು ಸುಧಾಳ ಕೈಗೆ ಕೊಟ್ಟರು.

ಐದನೆಯ ದಿನ: ಕುಬೊ ಅವರ ಕಾಗದಗಳು

ಸಹಿ ಹಾಕದ ಮುದುಕನ ಹೆಸರು ಕುಬೊ. ತೀರಿಹೋಗಿ ಎರಡು ವರ್ಷವಾಗಿತ್ತು. ಈಗ ಮಾರುತ್ತಿದ್ದವರು ಬೇರೆ ಊರಿನಲ್ಲಿರುವ ಅವರ ಮಕ್ಕಳು. ಫೈಲಿನಲ್ಲಿದ್ದದ್ದು ಕುಬೊ ನಗರಸಭೆಗೆ ಬರೆದ ಹದಿನಾಲ್ಕು ಕಾಗದ ಮತ್ತು ಅವಕ್ಕೆ ಬಂದ ಉತ್ತರ. ಓಣಿಯ ಸಂಘದ ಪ್ರತಿ.

ಸುಧಾ ಶನಿವಾರ ಬೆಳಿಗ್ಗೆಯಿಂದ ಓದಿ ಹೇಳಿದಳು. ಮೊದಲ ಕಾಗದಕ್ಕೇ ನಾನು ಗೋಡೆಗೆ ಒರಗಿದ್ದವ ನೆಟ್ಟಗೆ ಕೂತೆ. ಸಿಮೆಂಟು ಕಲೆಸಿದ ಗೋಡೆಯಿಂದ ಅಂತರ್ಜಲದ ಹರಿವಿಗೆ ಅಡ್ಡಿಯಾದರೆ? ಎಂಥ ಪ್ರಶ್ನೆ. ಯಂತ್ರದ ಒತ್ತಡಕ್ಕೆ ಹಳೆಯ ಪಾಯ ಎದ್ದರೆ ಯಾರು ಹೊಣೆ, ಹೆಸರು ಕೊಡಿ. ಭಲೆ. ಉತ್ತರ ಬಂದಂತೆ ಮುದುಕ ಸೋಲದೆ ಹೊಸ ಪ್ರಶ್ನೆ ಎತ್ತುತ್ತಿದ್ದ. ಭಾಷೆ ಬೇರೆ, ಲಿಪಿ ಬೇರೆ, ಆದರೆ ಮನುಷ್ಯ ನಮ್ಮ ಇಲಾಖೆಯವನೇ. ನಾನು ಎರಡು ಸಲ ತೊಡೆ ತಟ್ಟಿದೆ.

“ಮಾಮಾ, ನೀವು ಯಾರ ಕಡೆ?” ಎಂದಳು ಸುಧಾ.

“ಪ್ರಶ್ನಿ ಕಡೆ.”

ಹನ್ನೆರಡನೆಯ ಕಾಗದ: ಗೋಡೆ ಆಗಿದೆಯೆಂದು ನಾನು ನೋಡುವುದು ಹೇಗೆ? ಹದಿಮೂರನೆಯದು: ಎಲ್ಲಿ ಕೊರೆಯುತ್ತೀರಿ, ಜಾಗ ನಾನು ಆರಿಸುತ್ತೇನೆ. ನಗರಸಭೆ ಒಪ್ಪಿತ್ತು. ಸುಧಾ ಹದಿನಾಲ್ಕನೆಯದನ್ನು ತನ್ನಷ್ಟಕ್ಕೆ ಓದಿಕೊಂಡು ನಿಲ್ಲಿಸಿದಳು.

“ಓದವಾ.”

“ನಿನ್ನೆ ನೀವು ಕೇಳಿದ್ದ ಐತಿ ಮಾಮಾ. ಎರಡರ ನಡುವ ಏನೈತಿ, ಅಂತ.”

“ಉತ್ತರ?”

“ಉತ್ತರ ಇಲ್ಲ. ಮುಂದಿನ ಹಾಳಿಯೊಳಗ ಅರ್ಜಿ ಅವಧಿ ಮುಗೀತು ಅಂತ ನೋಟಿಸು.”

ಉತ್ತರವಿಲ್ಲದ ಪ್ರಶ್ನೆ ಕೇಳಿದವನೇ ಗೆದ್ದವ ಎಂದು ನಾನು ಮೂವತ್ತು ವರ್ಷ ತಿಳಿದಿದ್ದೆ. ನೆಲದೊಳಗಿನದನ್ನು ಪೂರ್ತಿ ನೋಡಬೇಕೆಂದರೆ ಪೂರ್ತಿ ಅಗೆಯಬೇಕು, ಅಗೆದರೆ ಗೋಡೆಯೇ ಉಳಿಯುವುದಿಲ್ಲ. ಈ ಪ್ರಶ್ನೆಗೆ ಉತ್ತರವಿಲ್ಲ ಎಂದು ಕುಬೊಗೂ ಗೊತ್ತಿದ್ದಿರಬೇಕು. ನನಗಂತೂ ಗೊತ್ತಿತ್ತು. ದಿಲ್‌ಸುಖ್‌ನಗರದಲ್ಲಿ ನಮ್ಮ ಕಟ್ಟಡದ ಲಿಫ್ಟು ಬದಲಿಸುವ ಕಾಗದ ಒಂದೂವರೆ ವರ್ಷದಿಂದ ನನ್ನ ಸಹಿಗೆ ಕಾದು ನನ್ನ ಮೇಜಿನ ಮೇಲಿದೆ, ನಾಲ್ಕನೆಯ ಮಹಡಿಯ ಅಜ್ಜಿ ಮೆಟ್ಟಿಲ ಮೇಲೆ ಕೂತು ಕೂತು ಹತ್ತುತ್ತಾಳೆ. ಅದು ಬೇರೆ ಮಾತು.

ಮಧ್ಯಾಹ್ನ ಹಿರಾನೊ ಅವರಿಗೆ ಫೈಲು ಮರಳಿಸಿದೆವು. ಕುಬೊ ಜೊತೆ ಜಗಳವಾಯಿತೇ ಎಂದು ಕೇಳಿದೆ.

“ಇಲ್ಲಂತ,” ಎಂದಳು ಸುಧಾ. “ಹಿತ್ತಲದಾಗಿನ ಗಿಡದ ಹಣ್ಣು ವರ್ಷಾ ಎಲ್ಲಾ ಮನಿಗೂ ತಂದು ಕೊಡ್ತಿದ್ರಂತ. ಇವರು ಕೈಮುಗಿದು ಇಸ್ಕೊಂತಿದ್ರಂತ. ಯಾರೂ ಮಾತಾಡ್ತಿದ್ದಿಲ್ಲಂತ.” ಅವಳು ಇನ್ನೊಮ್ಮೆ ಅವರ ಮಾತು ಕೇಳಿಸಿಕೊಂಡಳು. “ಹಣ್ಣು ಭಾಳ ಸಿಹಿ ಇರ್ತಿತ್ತಂತ. ಆದ್ರೂ ಇವರೆಲ್ಲಾ ಅದನ್ನ ಹಿಂದಿನ ಬಾಗಲದಿಂದ ಒಯ್ದು ಒಗೀತಿದ್ರಂತ.”

ಮನೆ ವಾಲಿದರೆ ಜನ ಸಾಯುವುದಿಲ್ಲ, ಬದುಕೇ ವಾಲಿಕೊಂಡಿರುತ್ತದೆ ಎಂದೂ ಅವರು ಹೇಳಿದರು. ಆ ಭೂಕಂಪದ ನಂತರ ಅವರ ಹೆಂಡತಿಗೆ ವಾಲಿದ ಮನೆಯಲ್ಲಿ ತಲೆಸುತ್ತು ಹತ್ತಿ ಐದು ತಿಂಗಳು ನಿದ್ದೆ ಬರಲಿಲ್ಲವಂತೆ.

ಭಾನುವಾರ

ಕುಬೊ ಅವರ ಮನೆಯಲ್ಲೇ ಕೂತೆವು. ಮೋರಿತಾ ಕಾಗದಗಳನ್ನು ಅಂಚಿಗೆ ಅಂಚು ಹೊಂದಿಸಿ ಇಟ್ಟಿದ್ದ. ಹಿರಾನೊ ಗಿಡಕ್ಕೆ ನೀರು ಹಾಕುವ ನೆಪದಲ್ಲಿ ಹಿತ್ತಲಲ್ಲಿದ್ದರು. ಆ ಒಂದು ಗಿಡಕ್ಕೆ ಆಗಲೇ ಐದನೆಯ ಬಕೆಟ್.

“ನಾ ಸಹಿ ಹಾಕಬೇಕಂತೀನಿ ಮಾಮಾ, ಮನಿಗೂ ಗೋಡಿಗೂ ಎರಡಕ್ಕೂ,” ಎಂದಳು ಸುಧಾ. “ಆದ್ರ ಅವ್ವಗ ಮಾತು ಕೊಟ್ಟೀನಿ. ನೀವು ಬ್ಯಾಡ ಅಂದ್ರ ಬಿಡ್ತೀನಿ. ನೀವ ಅವ್ವಗ ಹೇಳ್ರಿ.”

ನಾನು ಕಾಚಿಗೂಡಕ್ಕೆ ಫೋನು ಹಚ್ಚಿದೆ. ಅಕ್ಕ ಮೊದಲ ರಿಂಗಿಗೇ ಎತ್ತಿದಳು.

“ಕುಣಿ ತೋಡಿದ್ಯಾ?”

“ತೋಡಿದೆ.”

“ಮಣ್ಣು?”

“ಕಡಿಮಿ ಬಿತ್ತು. ಎರಡು ಬೊಗಸಿ.”

“ಹಂಗಾರ ಬ್ಯಾಡ.”

“ತಗೋಲಿ ಅಕ್ಕಾ.”

ಆಚೆ ಕುಕ್ಕರು ಸೀಟಿ ಹೊಡೆಯಿತು. ಅಕ್ಕ ಹೋಗಿ ಗ್ಯಾಸು ಆರಿಸಿ ಬಂದಳು.

“ನೆಲ ಗಟ್ಟಿ ಐತೇನು?”

“ಇಲ್ಲ.”

“ಗಟ್ಟಿ ಮಾಡಾಕ ಬರ್ತೈತೇನು?”

“ಹನ್ನೆರಡು ಮನಿಯವರು ಕೂಡಿದ್ರ ಬರ್ತೈತಿ. ಹನ್ನೊಂದು ಮಂದಿ ಕೂಡ್ಯಾರ.”

“ಆ ಹನ್ನೊಂದು ಮಂದಿ ಕಡೀತನಕ ನಿಲ್ತಾರಂತ ನಿನಗ ಹೆಂಗ ಗೊತ್ತು?”

“ಗೊತ್ತಿಲ್ಲ.”

“ಏನಾರ ಪರೀಕ್ಷಾ ಮಾಡಿದ್ಯಾ?”

“ಅದಕ್ಕ ಪರೀಕ್ಷಾ ಇಲ್ಲಕ್ಕಾ.”

ಅಕ್ಕನ ದನಿ ಈಗ ನನ್ನದೇ ಹಳೆಯ ಕಚೇರಿಯಿಂದ ಬಂದಂತಿತ್ತು. “ಬಸ್ಯಾ, ಮೈಯಾಗ ಆರಾಮ ಐತಿಲ್ಲೋ? ಬಿ.ಪಿ. ಗುಳಿಗಿ ತಗೊಂಡೀಯಿಲ್ಲೋ? ಅಲ್ಲಿ ಏನೇನು ತಿನ್ನಾಕ ಕೊಟ್ಟಾರ ನಿನಗ? ಫೋನು ಸುಧಾಗ ಕೊಡು. ನಿನ್ನ ಮಾತು ನಂಬಾಕ ಆಗವಲ್ದು.”

ಕೊಟ್ಟೆ. ಸುಧಾ ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಗಿಸಿಕೊಂಡು, ಚೀಲದಿಂದ ತನ್ನ ಹೆಸರಿನ ಸಣ್ಣ ಮುದ್ರೆ ತೆಗೆದಳು. ಆ ದೇಶದಲ್ಲಿ ಸಹಿಯೆಂದರೆ ಮುದ್ರೆ, ಕೆಂಪು ಮಸಿಯಲ್ಲಿ ಒತ್ತುವುದು. “ಹೌದವ್ವಾ. ಮಾಮಾನ ಅಂದ್ರು. ಇಲ್ಲ, ಜ್ವರಾ ಏನಿಲ್ಲ,” ಎನ್ನುತ್ತ ಮೋರಿತಾ ತೋರಿಸಿದಲ್ಲೆಲ್ಲ ಒತ್ತಿದಳು.

ಹಿರಾನೊ ಬಕೆಟ್ ಕೆಳಗಿಟ್ಟು, ಕೈ ಒರೆಸಿಕೊಂಡು ಒಳಗೆ ಬಂದರು. ಅಂಗಿಯ ಒಳಗಿನಿಂದ ಒಂದೇ ಹಾಳೆ ತೆಗೆದು ಮೇಜಿನ ಮೇಲೆ ಬಿಡಿಸಿದರು. ಅದರಲ್ಲಿ ಹನ್ನೊಂದು ಕೆಂಪು ದುಂಡು ಗುರುತು, ಕೆಳಗೊಂದು ಖಾಲಿ ಜಾಗ. ಸುಧಾ ಮುದ್ರೆಯನ್ನು ಮಸಿಗೆ ಅದ್ದಿ ನನ್ನ ಮುಖ ನೋಡಿದಳು. ನನ್ನ ಕೈ ಅಭ್ಯಾಸದಂತೆ ಜೇಬಿನ ನೋಟ್‌ಬುಕ್ಕಿಗೆ ಹೋಗಿತ್ತು. ಹೊರಗೆ ತೆಗೆದೆ. ಒತ್ತುವಾಗ ಹಾಳೆ ಸರಿಯಬಾರದೆಂದು ಅದರ ಮೂಲೆಯ ಮೇಲೆ ಇಟ್ಟೆ.